ಮಗ್ಗ ನಿಂತಾಗ ಕಲಿತ ಕರಡಿ ಮೇಳ

ಹೊಳಬಸಪ್ಪನವರನ್ನು ನಾನು ಮೊದಲು ನೋಡಿದ್ದು ೨೦೦೪ರ ಜೂನ್ ತಿಂಗಳ ಒಂದು ರವಿವಾರ, ಬನಹಟ್ಟಿಯ ಅವರ ಮಗ್ಗದ ಶೆಡ್ಡಿನಲ್ಲಿ. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಲು ನಾನು ಆಗಷ್ಟೇ ಸೇರಿದ್ದೆ. ನಮ್ಮದು ತುಬಚಿ ಕಡೆಯ ಕುರಿ ಸಾಕುವ ಮನೆತನ. ಬಯಲಿನಲ್ಲಿ ಬೆಳೆದ ನನಗೆ ಬನಹಟ್ಟಿಯ ಸಪ್ಪಳ ಹೊಸದು. ನಾನು ಬಾಡಿಗೆಗೆ ಹಿಡಿದ ಕೋಣೆಯ ಗೋಡೆಯ ಆಚೆಗೇ ಎರಡು ಪಾವರ್‌ಲೂಮ್ ಓಡುತ್ತಿದ್ದವು. ಬೆಳಗಾದರೆ ಖಟಾಖಟ್ ಖಟಾಖಟ್ ಶುರು. ಗೋಡೆಗೆ ತೂಗುಹಾಕಿದ ಕನ್ನಡಿ ನಡುಗುತ್ತಿತ್ತು. ತಲೆ ಬಾಚಿಕೊಳ್ಳುವಾಗ ಅದರೊಳಗಿನ ನನ್ನ ಮುಖವೂ ನಡುಗುತ್ತಿತ್ತು.

ಆ ರವಿವಾರ ಮಗ್ಗದ ಸಪ್ಪಳದ ಒಳಗಿನಿಂದ ಇನ್ನೊಂದು ಸಪ್ಪಳ ಕೇಳಿಸಿತು. ಏನೋ ಗುರುಗುಟ್ಟಿದಂತೆ, ಗುಡುಗಿದಂತೆ. ಮಗ್ಗದ ಯಾವುದೋ ಭಾಗ ಮುರಿದಿರಬೇಕು, ಒಳಗಿನವರಿಗೆ ಗೊತ್ತಾಗಿಲ್ಲವೇನೋ ಎಂದುಕೊಂಡು ಹೇಳಲು ಹೋದೆ. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಎರಡು ಮಗ್ಗಗಳ ನಡುವಿನ ಇಕ್ಕಟ್ಟಿನಲ್ಲಿ ನಲವತ್ತೈದರ ಆಸುಪಾಸಿನ ಒಬ್ಬರು ನಿಂತಿದ್ದರು. ಎತ್ತರದ ಆಳು, ಬನಿಯನ್ನು, ಮೊಣಕಾಲಿಗೆ ಮಡಿಚಿ ಕಟ್ಟಿದ ಲುಂಗಿ, ಕಪ್ಪು ಹಚ್ಚಿ ತಿರುವಿದ ಮೀಸೆ. ಕೊರಳಿನಿಂದ ಸೊಂಟದವರೆಗೆ ಒಂದು ದೊಡ್ಡ ವಾದ್ಯ ಇಳಿಬಿಟ್ಟಿದ್ದರು. ಬಲಗೈಯಲ್ಲಿ ಕೋಲು. ಕಣ್ಣು ಮಾತ್ರ ವಾದ್ಯದ ಮೇಲೆ ಇರಲಿಲ್ಲ, ಮಗ್ಗದ ಎಳೆಗಳ ಮೇಲಿತ್ತು.

ನಾನು ನೋಡುತ್ತಿದ್ದಂತೆ ಒಂದು ಎಳೆ ಹರಿಯಿತು. ಅವರು ಮಗ್ಗ ನಿಲ್ಲಿಸಿದರು, ವಾದ್ಯವನ್ನು ಕೂಸನ್ನು ಹೊತ್ತುಕೊಂಡಂತೆ ಬೆನ್ನಿಗೆ ಸರಿಸಿದರು, ಬಗ್ಗಿ ಎಳೆ ಜೋಡಿಸಿ ಗಂಟು ಹಾಕಿದರು, ಮತ್ತೆ ಮಗ್ಗ ಓಡಿಸಿದರು. ವಾದ್ಯ ಮುಂದಕ್ಕೆ ಬಂತು. ಮಗ್ಗ ಓಟಕ್ಕೆ ಬರುವವರೆಗೆ ಕಾದು, ಸರಿಯಾದ ಜಾಗಕ್ಕೆ ಕೋಲು ಬಿತ್ತು. ಆಮೇಲೆ ಅವರು ಜಿಗಿದರು. ಎರಡು ಮಗ್ಗಗಳ ನಡುವೆ ಒಬ್ಬರು ಕೈ ಚಾಚಿ ನಿಲ್ಲುವಷ್ಟೂ ಜಾಗವಿರಲಿಲ್ಲ. ಅಷ್ಟರಲ್ಲೇ ಮೇಲಕ್ಕೆ ಹಾರಿ, ಗಾಳಿಯಲ್ಲೇ ಮೈ ತಿರುಗಿಸಿ, ನೇಯ್ದ ಸೀರೆಗೆ ಲುಂಗಿಯ ಅಂಚೂ ತಾಗದಂತೆ ನನ್ನ ಕಡೆಗೆ ಮುಖ ಮಾಡಿ ಇಳಿದರು.

"ಯಾರು ಬೇಕಾಗಿತ್ರಿ?" ಮಗ್ಗದ ಮೇಲೆ ದನಿ ಏರಿಸಿ ಕೂಗಿದರು.

"ಬಾಜೂಕ ಬಾಡಿಗಿಗೆ ಬಂದೇನ್ರಿ, ಸಾಲಿ ಟೀಚರ. ಏನೋ ಮುರದಂಗ ಸಪ್ಪಳ ಕೇಳಿಸ್ತು, ಅದಕ್ಕ ಬಂದೆ."

ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ಅವರ ಹೆಂಡತಿ ಸಾತವ್ವ ಕೂತಿದ್ದರು. ಕೇಳಿದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡು ನಗಲು ಹತ್ತಿದರು.

"ಕೇಳಿದಿರಿಲ್ಲೋ? ಇಷ್ಟ ವರ್ಷ ನಾ ಹೇಳಿದ್ರ ನಂಬಲಿಲ್ಲ. ಈಗ ಸಾಲಿ ಕಲತ ಅಕ್ಕೋರ ಬಂದು ಹೇಳ್ಯಾರ."

"ನೀ ಸುಮ್ನಿರಬೇ," ಎಂದ ಹೊಳಬಸಪ್ಪನವರು ನನ್ನ ಕಡೆ ತಿರುಗಿದರು. ಬೇಸರವೇನೂ ಇರಲಿಲ್ಲ. ಮೀಸೆಯ ತುದಿ ಮುಟ್ಟಿಕೊಂಡು ಹೇಳಿದರು: "ಅಕ್ಕೋರ, ಇದಕ್ಕ ಕರಡಿ ಅಂತಾರ್ರಿ. ಜಮಖಂಡಿಯಿಂದ ಮುಧೋಳತನಕ ನನ್ನಂಗ ಬಾರಸಾಂವ ಒಬ್ಬ ಇದ್ರ ಕರಕೊಂಡ ಬರ್ರಿ. ಈ ಎರಡೂ ಮಗ್ಗ ಅಂವನ ಹೆಸರಿಗೆ ಬರದ ಕೊಡ್ತೇನಿ."

"ಕೊಡ್ರಿ, ಕೊಡ್ರಿ," ಎಂದರು ಸಾತವ್ವ. "ನನಗೂ ಕಂಡಿಕಿ ಸುತ್ತೂದು ತಪ್ಪತೈತಿ."

ನಮ್ಮ ಕಡೆ ಡೊಳ್ಳು ಇತ್ತು, ಕರಡಿ ಇರಲಿಲ್ಲ. ಅದನ್ನು ಅವರು ಆ ದಿನವೇ ನನಗೆ ತೋರಿಸಿದರು. ಒಂದು ಕಡೆ ಕೋಲಿನ ಪೆಟ್ಟು, ಇನ್ನೊಂದು ಕಡೆ ಕೈ. ಕೋಲನ್ನು ಚರ್ಮದ ಮೇಲೆ ಒತ್ತಿ ಉಜ್ಜಿದರೆ ಥೇಟ್ ಕರಡಿ ಗುರುಗುಟ್ಟಿದಂತೆ ಕೇಳುತ್ತದೆ. ಕರಡಿಯವರ ಜೊತೆ ತಾಳದವರು, ಸನಾದಿ ಊದುವವರು ಸೇರಿದರೆ ಒಂದು ಮೇಳ. ಬಾರಿಸುವವನು ನಿಂತಲ್ಲಿ ನಿಲ್ಲುವುದಿಲ್ಲ. ಜಿಗಿಯಬೇಕು, ತಿರುಗಬೇಕು, ಕೂತು ಏಳಬೇಕು. ಅಷ್ಟೆಲ್ಲ ಮಾಡಿದರೂ ಲಯ ಅಲುಗಾಡಬಾರದು.

ಆ ಓಣಿಯ ಮೇಳ ಕಟ್ಟಿದವರು ಹೊಳಬಸಪ್ಪನವರ ತಂದೆ ಅಂದಾನೆಪ್ಪನವರು. ಅವರ ಕಾಲದಲ್ಲಿ ಮೇಳಕ್ಕೆ ಒಂದು ಹೆಸರಿತ್ತು. ಕರಡಿ ಮೇಳಗಳಲ್ಲಿ ಒಂದು ರೂಢಿ ಉಂಟು. ಮೆರವಣಿಗೆಯಲ್ಲಿ ಎರಡು ಮೇಳ ಎದುರಾದರೆ ಸುಮ್ಮನೆ ದಾಟಿ ಹೋಗುವಂತಿಲ್ಲ. ಎದುರುಬದುರು ನಿಂತು, ಪ್ರತಿ ಮೇಳವೂ ತನ್ನದೇ ಲಯದಲ್ಲಿ ಬಾರಿಸಬೇಕು. ಯಾರ ಲಯ ಜಾರಿ ಇನ್ನೊಬ್ಬರ ಲಯಕ್ಕೆ ಬೀಳುತ್ತದೋ ಅವರು ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅಂದಾನೆಪ್ಪನವರ ಮೇಳ ಯಾರಿಗೂ ದಾರಿ ಬಿಟ್ಟದ್ದಿಲ್ಲ ಎಂದು ಓಣಿಯ ಮುದುಕರು ಈಗಲೂ ಹೇಳುತ್ತಾರೆ.

ನಾನು ನೋಡುವ ಹೊತ್ತಿಗೆ ಆ ಮೇಳದಲ್ಲಿ ಉಳಿದಿದ್ದವರು ಅವರನ್ನೂ ಸೇರಿಸಿ ಮೂವರು. ಒಬ್ಬರಿಗೆ ದಮ್ಮು, ಇನ್ನೊಬ್ಬರಿಗೆ ಮೊಣಕಾಲು ನೋವು. ಮದುವೆಗಳಿಗೆ ಬ್ಯಾಂಡ್ ಸೆಟ್ ಬಂದಿತ್ತು. ಬಸವ ಜಯಂತಿಯ ಮೆರವಣಿಗೆಗೆ ಬೇರೆ ಊರಿನ ಮೇಳಗಳು ಬಂದರೆ ಹೊಳಬಸಪ್ಪನವರು ದೊಡ್ಡ ಬೀದಿ ಬಿಟ್ಟು ಹಿಂದಿನ ಓಣಿಯಿಂದ ಗುಡಿ ಸೇರುತ್ತಿದ್ದರು. ಇಂಥ ಇಬ್ಬರನ್ನು ಕಟ್ಟಿಕೊಂಡು ಎದುರು ನಿಂತರೆ ಅಪ್ಪನ ಹೆಸರು ಹೋಗುತ್ತದೆ ಎಂಬ ಅಳುಕು.

"ನಾ ಬಾರಸೂದನ್ನ ಮೆಚ್ಚಬ್ಯಾಡ್ರಿ ಅಕ್ಕೋರ," ಎಂದು ಒಂದು ದಿನ ಚಹಾ ಕುಡಿಯುವಾಗ ಹೇಳಿದರು. "ಮೆಚ್ಚೋರು ಭಾಳ ಮಂದಿ ಅದಾರ. ನನ್ನ ಹಿಂದ ನಿಂತು ಬಾರಸೋರ್ನ ತೋರಸ್ರಿ. ನಮ್ಮ ಮೇಳ ಒಮ್ಮೆ ದೊಡ್ಡ ಬೀದ್ಯಾಗ ಹಾದು ಹೋಗೂದನ್ನ ನೋಡಬೇಕು. ಅಷ್ಟ ನೋಡಿದ್ರ ಸಾಕು."

ನಮ್ಮ ಹೆಡ್‌ಮಾಸ್ತರು ನಂದಕಿಶೋರ ಸರ್. ಜಮಖಂಡಿಯವರು, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಅಚ್ಚ ಕನ್ನಡ. ಆ ವರ್ಷದ ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವ ಕೆಲಸವನ್ನು ಅವರು ನನಗೆ ವಹಿಸಿದಾಗ ನಾನು ಹೊಳಬಸಪ್ಪನವರ ಹೆಸರು ಹೇಳಿದೆ. ಸರ್ ಸ್ವಲ್ಪ ಯೋಚಿಸಿ, "ಕಲಿಸಲಿ. ಆದರ ವರ್ಗದ ಹೊತ್ತಿನಾಗ ಬ್ಯಾಡ. ಆ ಗದ್ದಲಕ್ಕ ಗಣಿತದ ಸರ್ ರಾಜೀನಾಮೆ ಕೊಟ್ಟಾರು," ಎಂದರು.

ಹೀಗೆ ಸಂಜೆ ಐದರ ಮೇಲೆ ಹೊಳಬಸಪ್ಪನವರ ಶೆಡ್ಡಿನಲ್ಲೇ, ಬಾಗಿಲ ಬಳಿಯ ತೆರವಿನಲ್ಲಿ ಪಾಠ ಶುರುವಾಯಿತು. ಆರು ಮಕ್ಕಳು ಬಂದರು. ಎಲ್ಲರೂ ನೇಕಾರರ ಮಕ್ಕಳೇ. ಅವರಲ್ಲಿ ಎಂಟನೆಯ ತರಗತಿಯ ಭಾಗ್ಯಾ ಒಬ್ಬಳೇ ಹುಡುಗಿ. ತಾಳ ಕಲಿಯಲು ಬಂದವಳು ಎರಡನೆಯ ವಾರಕ್ಕೆ ಕರಡಿಯನ್ನೇ ಕೇಳಿದಳು.

"ಎತ್ತಾಕ ಆಗ್ತೈತೇನಬೇ?" ಹೊಳಬಸಪ್ಪನವರು ಕೇಳಿದರು.

"ನೂಲು ಸುತ್ತಿದ ಮಗ್ಗದ ಬೀಮ್ ಎತ್ತತೇನ್ರಿ ಕಾಕಾ, ಇದೇನ ಮಹಾ," ಎಂದಳು ಭಾಗ್ಯಾ. ಎತ್ತಿಯೂ ಬಿಟ್ಟಳು.

ಅವರು ಕಲಿಸುವ ಬಗೆ ಬೇರೆ ಇತ್ತು. ಮೊದಲ ಕೆಲವು ವಾರ ಯಾರಿಗೂ ಕೋಲು ಕೊಡಲಿಲ್ಲ. ಕರಡಿ ಕೊರಳಿಗೆ ಕಟ್ಟಿಕೊಂಡು ಬರೀ ಜಿಗಿಯಬೇಕು, ಬಾಯಲ್ಲಿ 'ಧಿಂ ಧಿಂ ತಕಿಟ' ಎನ್ನಬೇಕು. ಇಳಿಯುವಾಗ ಸಪ್ಪಳವಾದರೆ ಬೈಗುಳ. "ಬೆಕ್ಕು ಇಳದಂಗ ಇಳೀಬೇಕು. ಜ್ವಾಳದ ಚೀಲ ಬಿದ್ದಂಗ ಬೀಳಬ್ಯಾಡ್ರಿ!" ಬೈದ ಮೇಲೆ ತಾವೇ ಜಿಗಿದು ತೋರಿಸುವರು. ತೋರಿಸಲು ನಿಂತರೆಂದರೆ ಮುಗಿಯಿತು. ಪಾಠ ಮರೆತು, ಮಕ್ಕಳನ್ನು ಮರೆತು ಬಾರಿಸುತ್ತ ಹೋಗುವರು. ಸಾತವ್ವ ಮೂಲೆಯಿಂದ ಕೂಗಬೇಕು: "ಅಲ್ರಿ, ಕಲಿಯೋರು ಅವ್ರೋ ನೀವೋ?"

ತಾಳ ಹಿಡಿದ ಶಶಿಕಾಂತ ಮತ್ತು ಉಳಿದವರು ಯಾವಾಗಲೂ ಬಾಗಿಲ ಬದಿಯ ಮಗ್ಗಕ್ಕೆ ಒತ್ತಿಕೊಂಡೇ ನಿಲ್ಲುತ್ತಿದ್ದರು. ಗಾಳಿಗೆ ನಿಲ್ಲುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ದೀಪಾವಳಿಯ ಹೊತ್ತಿಗೆ ಆರೂ ಮಕ್ಕಳ ಕೈ ಒಂದೇ ಕೈಯಂತೆ ಬೀಳುತ್ತಿತ್ತು. ಮಗ್ಗದ ಸಪ್ಪಳಕ್ಕೆ ಹೊಂದಿಕೊಂಡು ಅವರು ಬಾರಿಸುವುದನ್ನು ಕೇಳಲು ಶೆಡ್ಡಿನ ಬಾಗಿಲಲ್ಲಿ ಜನ ನಿಲ್ಲುತ್ತಿದ್ದರು. ಹೊಳಬಸಪ್ಪನವರು ಆ ತಿಂಗಳು ಮೀಸೆಗೆ ಎರಡು ಸಲ ಕಪ್ಪು ಹಚ್ಚಿದರು ಎಂದು ಸಾತವ್ವ ಓಣಿಯಲ್ಲೆಲ್ಲ ಹೇಳಿದರು.

ತಾಲೂಕು ಮಟ್ಟದ ಸ್ಪರ್ಧೆ ಜಮಖಂಡಿಯ ಒಂದು ಸಭಾಂಗಣದಲ್ಲಿತ್ತು. ತೀರ್ಪು ಕೊಡಲು ಬಂದವರಲ್ಲಿ ಮುಧೋಳ ಕಡೆಯ ಹಣಮಪ್ಪನವರೂ ಇದ್ದರು. ಅವರೂ ಹೆಸರಾಂತ ಕರಡಿ ಮೇಳದವರು, ಹೊಳಬಸಪ್ಪನವರಿಗಿಂತ ಹಿರಿಯರು. ನಮ್ಮ ಮಕ್ಕಳು ವೇದಿಕೆ ಹತ್ತಿದರು. ಸಭೆ ಗಪ್‌ಚಿಪ್ಪಾಯಿತು.

ಭಾಗ್ಯಾ ಮೊದಲ ಪೆಟ್ಟು ಹಾಕಿದಳು. ಶುರು ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಲಯ ಓಡತೊಡಗಿತು. ತಾಳ ಮುಂದಾಯಿತು, ಕರಡಿ ಅದರ ಬೆನ್ನು ಹತ್ತಿತು, ಇನ್ನೊಂದು ಕರಡಿ ಹಿಂದೆ ಬಿತ್ತು. ಮಕ್ಕಳು ಏನನ್ನೋ ಕಳೆದುಕೊಂಡವರಂತೆ ಆಚೀಚೆ ನೋಡುತ್ತಿದ್ದರು. ಭಾಗ್ಯಾ ಜಿಗಿದು ಇಳಿದಾಗ ಯಾವ ಪೆಟ್ಟು ಹಾಕಬೇಕೆಂದು ತಿಳಿಯದೆ ಸುಮ್ಮನೆ ನಿಂತುಬಿಟ್ಟಳು. ಕೋಲು ಮೇಲೆತ್ತಿದ ಕೈ ಹಾಗೆಯೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು.

ಹೊರಗೆ ಬಂದಾಗ ಹಣಮಪ್ಪನವರು ಹೊಳಬಸಪ್ಪನವರ ಹೆಗಲ ಮೇಲೆ ಕೈಯಿಟ್ಟರು. "ಹೊಳಬಸಪ್ಪಾ, ಹುಡುಗೂರಿಗೆ ಜಿಗಿಯಾಕ ಛಲೋ ಕಲಿಸೀಯೋ. ನಿಲ್ಲಾಕ ಕಲಿಸಿಲ್ಲ."

ಜಮಖಂಡಿಯಿಂದ ಬನಹಟ್ಟಿಯವರೆಗೆ ಟೆಂಪೋದಲ್ಲಿ ಮಕ್ಕಳು ಅತ್ತರು, ಹೊಳಬಸಪ್ಪನವರು ಹೊರಗಿನ ಕಬ್ಬಿನ ಹೊಲ ನೋಡುತ್ತ ಕೂತರು.

ಮರುದಿನವೇ ಭಾಗ್ಯಾಳ ತಂದೆ ಮಹಾಲಿಂಗ ಶೆಡ್ಡಿಗೆ ಬಂದರು. "ನಮ್ಮ ಹುಡುಗಿ ಇನ್ನ ಬರಂಗಿಲ್ಲ ನೋಡ ಹೊಳಬಸಪ್ಪಣ್ಣ. ಸಂಜಿಕ ಕಂಡಿಕಿ ಸುತ್ತಾಕ ಮನ್ಯಾಗ ಕೈ ಬೇಕು. ಗೆದ್ದಿದ್ರ ಬ್ಯಾರೇ ಮಾತಿತ್ತು. ಊರ ಮುಂದ ನಗಿಸಿಕೊಳ್ಳಾಕ ನಾವ್ಯಾಕ ಕಳಿಸೂಣು?" ಉಳಿದ ಮನೆಯವರ ಮಾತೂ ಅದೇ ಆಗಿತ್ತು. ಸಂಜೆಯೆಂದರೆ ನೇಕಾರರ ಮನೆಯಲ್ಲಿ ಕೆಲಸದ ಹೊತ್ತು. ಅವರು ಹೇಳುವುದೂ ಸುಳ್ಳಲ್ಲ.

"ಒಂದ ಸಲ ಬಾರಿಸಿ ಹೋಗಲಿ ತಡಿ," ಎಂದರು ಹೊಳಬಸಪ್ಪನವರು. "ತಪ್ಪು ಎಲ್ಲಿ ಆತು ಅನ್ನೂದರ ನನಗ ತಿಳೀಬೇಕು."

ಕರೆಸಿಕೊಂಡ ಆರೂ ಮಕ್ಕಳು ಮತ್ತೆ ಕರಡಿ, ತಾಳ ಹಿಡಿದು ನಿಂತರು. ಮಗ್ಗಗಳು ಓಡುತ್ತಿದ್ದವು. ಮಕ್ಕಳು ಬಾರಿಸಿದರು, ಒಂದೇ ಒಂದು ತಪ್ಪಿಲ್ಲ. ಮಹಾಲಿಂಗನೂ ಹುಬ್ಬೇರಿಸಿದರು. "ನಿನ್ನೆ ಏನಾಗಿತ್ತಬೇ ನಿಮಗ?" ಎಂದು ಕೇಳುವಷ್ಟರಲ್ಲಿ ಕರೆಂಟ್ ಹೋಯಿತು.

ಮಗ್ಗ ನಿಂತಿತು. ಅಕ್ಕಪಕ್ಕದ ಶೆಡ್ಡುಗಳ ಮಗ್ಗಗಳೂ ನಿಂತವು. ಓಣಿ ತುಂಬ ಒಮ್ಮೆಲೇ ನಿಶ್ಶಬ್ದ. ಮಕ್ಕಳ ಕೈ ಮಾತ್ರ ನಡೆದಿತ್ತು. ಆದರೆ ನಮ್ಮ ಕಣ್ಣ ಮುಂದೆಯೇ, ಜಮಖಂಡಿಯಲ್ಲಿ ಆದದ್ದೇ ಇಲ್ಲಿಯೂ ಆಯಿತು. ತಾಳ ಓಡಿತು, ಕರಡಿಗಳು ಚದುರಿದವು, ಭಾಗ್ಯಾ ಕೋಲು ಎತ್ತಿಕೊಂಡು ನಿಂತಳು. ನಿಂತು, ಬಾಗಿಲ ಬದಿಯ ಮಗ್ಗದ ಕಡೆ ನೋಡಿದಳು.

ಹೊಳಬಸಪ್ಪನವರೂ ಆ ಮಗ್ಗದ ಕಡೆ ನೋಡಿದರು. ಆಮೇಲೆ ಹಣೆ ಬಡಿದುಕೊಂಡು ಜೋರಾಗಿ ನಕ್ಕರು.

"ಲೇ ಶಶ್ಯಾ, ಇಷ್ಟ ದಿವ್ಸ ತಾಳ ಹಾಕಿದಾಂವ ನೀ ಅಲ್ಲೋ. ಈ ಮಗ್ಗ! ನಿಮಗ ಗುರು ನಾ ಅಲ್ಲ, ಇದು!"

ಬನಹಟ್ಟಿಯ ಮಕ್ಕಳು ಮಾತ್ರ ಮಾಡಬಹುದಾದ ತಪ್ಪು ಅದು. ತೊಟ್ಟಿಲಲ್ಲಿದ್ದಾಗಿನಿಂದ ಮಗ್ಗದ ಸಪ್ಪಳದಲ್ಲಿ ಬೆಳೆದವರು. ಲಯವನ್ನು ತಾವು ಹಿಡಿಯಬೇಕೆಂಬುದೇ ಅವರಿಗೆ ಗೊತ್ತಿರಲಿಲ್ಲ. ಮಗ್ಗ ಹಿಡಿದಿರುತ್ತಿತ್ತು, ಅವರು ಅದರ ಮೇಲೆ ಒರಗಿಕೊಂಡು ಬಾರಿಸುತ್ತಿದ್ದರು.

"ನೋಡ್ರಿ ಹಿಂಗ ಹಿಡೀಬೇಕು," ಎಂದು ಹೊಳಬಸಪ್ಪನವರು ಕರಡಿ ಎತ್ತಿಕೊಂಡರು. ಆ ನಿಶ್ಶಬ್ದದಲ್ಲಿ ಬಹಳ ಹೊತ್ತು ಬಾರಿಸಿದರು. ನನಗಂತೂ ತಪ್ಪೇನೂ ಕೇಳಿಸಲಿಲ್ಲ. ಮುಗಿದ ಮೇಲೆ ಮೀಸೆ ಮುಟ್ಟಿಕೊಳ್ಳಲು ಕೈ ಎತ್ತಿದರು. ಅಷ್ಟರಲ್ಲಿ ನಿಂತ ಯಂತ್ರದ ಮುಂದೆ ಕೈ ಕಟ್ಟಿ ಕೂತಿದ್ದ ಸಾತವ್ವ ಮೆಲ್ಲಗೆ ಹೇಳಿದರು: "ನೀವೂ ಓಡಿದಿರಿ."

"ಯಾರು, ನಾನು?"

"ಹೌದ್ರಿ. ಕಡೀಕ ಭಾಳ ಓಡಿದಿರಿ. ಮಾವಾರು ಬಾರಸೂದನ್ನ ಕೇಳೇನಿ ನಾ. ಅವ್ರು ಹಿಂಗ ಓಡ್ತಿದ್ದಿಲ್ಲ."

ಆ ಮಾತು ಚುಚ್ಚಿತು. ಅವರು ಕರಡಿ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಮಹಾಲಿಂಗ ಮಗಳನ್ನು ಕರೆದುಕೊಂಡು ಹೋದರು. ಇದು ಮುಗಿಯಿತು ಎಂದು ನಾನು ತಿಳಿದೆ.

ಮರುದಿನ ಬೆಳಿಗ್ಗೆ ಮತ್ತೆ ಕರೆಂಟ್ ಹೋದಾಗ ಗೋಡೆಯ ಆಚೆ ಕರಡಿ ಕೇಳಿತು. ಹೋಗಿ ನೋಡಿದರೆ ಹೊಳಬಸಪ್ಪನವರು ಒಬ್ಬರೇ ಬಾರಿಸುತ್ತಿದ್ದರು, ಸಾತವ್ವ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಈಗ?" ಎಂದು ಅವರು ಕೇಳುವರು. "ಓಡಿದಿರಿ," ಎಂದು ಇವರು ಹೇಳುವರು. ಮತ್ತೆ ಶುರು. ನನ್ನನ್ನು ಕಂಡು ಹೊಳಬಸಪ್ಪನವರು, "ಖರೆ ಐತ್ರಿ ಅಕ್ಕೋರ," ಎಂದರು. "ಅಪ್ಪನ ಕಾಲಕ್ಕ ಕೈಮಗ್ಗ. ಅದರ ಲಯ ಅವನ ಕೈಯಾಗ, ಅವನ ಕಾಲಾಗ ಇತ್ತು. ಈ ಪಾವರ್‌ಲೂಮ್ ಬಂದ ಮ್ಯಾಲ ನಾನೂ ಅದಕ್ಕ ಒರಗೇನಿ. ನನಗ ಗೊತ್ತಾಗಲಿಲ್ಲ."

ಆ ದಿನಗಳಲ್ಲಿ ಲೋಡ್ ಶೆಡ್ಡಿಂಗ್ ವಿಪರೀತ. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ, ನಡುವೆ ಹೇಳದೆ ಕೇಳದೆ ಇನ್ನೊಂದು. ಕರೆಂಟ್ ಹೋದರೆ ಇಡೀ ಊರು ಬೈಯುತ್ತ ಕಟ್ಟೆಗೆ ಬಂದು ಕೂಡುತ್ತಿತ್ತು, ಅದುವರೆಗೆ ಶೆಡ್ಡಿನ ಪಾಠವೂ ಅಲ್ಲಿಗೇ ನಿಲ್ಲುತ್ತಿತ್ತು. ಹೊಳಬಸಪ್ಪನವರು ಅಂದೇ ಮಹಾಲಿಂಗನ ಮನೆಗೆ ಹೋದರು. ನಾನೂ ಹೋದೆ.

"ಮಗ್ಗ ನಡದಾಗ ನಿನ್ನ ಮಗಳ್ನ ನಾ ಕೇಳಂಗಿಲ್ಲಪ. ಕರೆಂಟ್ ಹೋದಾಗ ಅಷ್ಟ ಕಳಸು. ಆವಾಗ ಕಂಡಿಕಿ ಮಷೀನೂ ನಡಿಯಂಗಿಲ್ಲ, ನೀನೂ ಕಟ್ಟಿ ಮ್ಯಾಲ ಕುಂತು ಬೀಡಿ ಸೇದ್ತಿ."

ಮಹಾಲಿಂಗನಿಗೆ ಇಲ್ಲ ಎನ್ನಲು ದಾರಿ ಇರಲಿಲ್ಲ. "ಹುಡುಗಿ ಕರಡಿ ಕಟಗೊಂಡ ಜಿಗದ್ರ ನಾಳೆ ಯಾರ ಲಗ್ನ ಆಗ್ತಾರೋ," ಎಂದರು. ಒಳಗಿನಿಂದ ಭಾಗ್ಯಾಳ ದನಿ ಬಂತು: "ತಾಳ ಬಾರಸಾಂವ ಯಾರರ ಸಿಗ್ತಾನ ಬಿಡಪ!" ಮಹಾಲಿಂಗನಿಗೂ ನಗು ತಡೆಯಲಿಲ್ಲ.

ಅಂದಿನಿಂದ ಕರೆಂಟ್ ಹೋದದ್ದೇ ಪಾಠದ ಗಂಟೆ. ಮಗ್ಗ ನಿಂತ ಕೂಡಲೇ ದೊಡ್ಡವರು ಬೈಯುವರು, ಆರು ಮಕ್ಕಳು ಕುಣಿಯುತ್ತ ಓಡಿ ಬರುವರು. ಶಾಲೆ ಇಲ್ಲದ ಹೊತ್ತಿನಲ್ಲಿ ಹೋಗಬೇಕು, ಅಷ್ಟೇ ನಿಯಮ. ಹೊಳಬಸಪ್ಪನವರು ಕಲಿಸುವ ಕ್ರಮವನ್ನೇ ಬದಲಿಸಿದರು. ಜಿಗಿತ ನಿಂತಿತು. ತಂದೆ ತಮಗೆ ಕಲಿಸಿದ್ದನ್ನು ನೆನಪು ಮಾಡಿಕೊಂಡು ಮಕ್ಕಳನ್ನು ನಡೆಸತೊಡಗಿದರು. ಕರಡಿ ಕಟ್ಟಿಕೊಂಡು ಬನಹಟ್ಟಿಯಿಂದ ರಬಕವಿಯ ಹೊಳೆದಂಡೆಯ ಕಡೆಗೆ ನಡೆಯಬೇಕು. ಹೆಜ್ಜೆಗೊಂದು ಪೆಟ್ಟು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೂ, ನಾಯಿ ಬೆನ್ನು ಹತ್ತಿದರೂ ಹೆಜ್ಜೆ ಬದಲಾಗಬಾರದು.

"ಕಾಲು ನಿಮ್ಮದು. ಅದರ ಕರೆಂಟ್ ತಗಿಯಾಕ ಯಾರಿಗೂ ಬರಂಗಿಲ್ಲ," ಎನ್ನುತ್ತಿದ್ದರು.

ತಾವೂ ಜೊತೆಗೆ ನಡೆಯುತ್ತಿದ್ದರು. ತಾವು ಓಡಿದರೆ ಹೇಳಬೇಕೆಂದು ಮಕ್ಕಳಿಗೇ ಅಪ್ಪಣೆ ಕೊಟ್ಟಿದ್ದರು. "ಕಾಕಾ, ಓಡಿದ್ರಿ!" ಎಂದು ಶಶಿಕಾಂತ ಕೂಗಿದಾಗ ಅವನಷ್ಟು ಖುಷಿಪಡುವವರು ಇನ್ನೊಬ್ಬರು ಇರಲಿಲ್ಲ. ಕಟ್ಟೆಯ ಮೇಲೆ ಕೂತ ನೇಕಾರರೆಲ್ಲ ಕ್ರಮೇಣ ಪರೀಕ್ಷಕರಾದರು. ಬೀಡಿ ಸೇದುತ್ತ, ತೊಡೆ ತಟ್ಟುತ್ತ ಕೇಳುವರು. ಎಲ್ಲರಿಗಿಂತ ಕಟ್ಟುನಿಟ್ಟಿನವರು ಮಹಾಲಿಂಗ. "ಏ ಹುಡುಗಿ, ತಡಕೋ! ಮೂರನೇ ಪೆಟ್ಟು ನುಂಗಿದಿ!" ಕರೆಂಟ್ ಬಂದರೂ ಕೆಲವು ಸಲ ಮಗ್ಗ ಓಡಿಸಲು ಏಳುತ್ತಿರಲಿಲ್ಲ.

ಮರುವರ್ಷದ ಸ್ಪರ್ಧೆಗೆ ಮಕ್ಕಳನ್ನು ಕಳಿಸೋಣ ಎಂದು ನಂದಕಿಶೋರ ಸರ್ ಕೇಳಿದರು. ಹೊಳಬಸಪ್ಪನವರು ಒಪ್ಪಲಿಲ್ಲ. "ಇನ್ನೂ ಆಗಿಲ್ರಿ ಸರ್. ಆದಾಗ ನಾನ ಹೇಳ್ತೇನಿ." ಅಷ್ಟು ಜಂಬದ ಮನುಷ್ಯನ ಬಾಯಲ್ಲಿ 'ಇನ್ನೂ ಆಗಿಲ್ಲ' ಎಂಬ ಮಾತು ಕೇಳಿ ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಿತು. ಆದಾಗ ಅವರು ಹೇಳಿದ್ದು ೨೦೦೬ರ ಬಸವ ಜಯಂತಿಯ ಹಿಂದಿನ ದಿನ. ಶಾಲೆಯ ಆಫೀಸಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಸರ್ ಮತ್ತು ನನ್ನ ಮುಂದೆ ನಿಂತೇ ಹೇಳಿದರು:

"ನಾಳೆ ಮೆರವಣಿಗ್ಯಾಗ ನಮ್ಮ ಓಣಿ ಮೇಳ ದೊಡ್ಡ ಬೀದಿಗೆ ಹೋಗ್ತೈತ್ರಿ. ನಾ ಬಾರಸಂಗಿಲ್ಲ. ಹುಡುಗೂರ ಬಾರಸ್ತಾರ. ನೀವಿಬ್ರೂ ಬರಬೇಕು."

ಎಂದೂ ಹಿಂದಿನ ಓಣಿ ಹಿಡಿಯುತ್ತಿದ್ದ ಮೇಳ ಅಂದು ದೊಡ್ಡ ಬೀದಿಗೆ ಇಳಿಯಿತು. ಮುಂದೆ ಭಾಗ್ಯಾ. ಅಷ್ಟೊತ್ತಿಗೆ ಅವಳು ಒಂಬತ್ತನೆಯ ತರಗತಿ ಪರೀಕ್ಷೆ ಬರೆದು ಮುಗಿಸಿದ್ದಳು. ಹಿಂದೆ ಮೂರು ಕರಡಿ, ಶಶಿಕಾಂತ ಮತ್ತೊಬ್ಬ ಹುಡುಗನ ತಾಳ. ಹಳೆಯ ಮೇಳದ ಮುದುಕರೊಬ್ಬರು ಸನಾದಿ ಹಿಡಿದಿದ್ದರು. ಹೊಳಬಸಪ್ಪನವರು ಬಿಳಿ ಅಂಗಿ ತೊಟ್ಟು, ತಲೆಗೆ ಪಟಗ ಸುತ್ತಿಕೊಂಡು ಜನರ ನಡುವೆ ನಡೆಯುತ್ತಿದ್ದರು. ಕೊರಳಲ್ಲಿ ಕರಡಿ ಇಲ್ಲದೆ ಅವರನ್ನು ಮೆರವಣಿಗೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ಅವರಿಗೇ ತಿಳಿದಿರಲಿಲ್ಲ.

ನಡುಬೀದಿಯಲ್ಲಿ ಎದುರಾದದ್ದು ಮುಧೋಳದ ಹಣಮಪ್ಪನವರ ಮೇಳ. ಗಟ್ಟಿಮುಟ್ಟಾದ ಗಂಡಸರು, ಒಂದೇ ಬಣ್ಣದ ಪಟಗ. ಹಣಮಪ್ಪನವರು ಮಕ್ಕಳನ್ನು ನೋಡಿದರು, ಜನರ ನಡುವೆ ಹೊಳಬಸಪ್ಪನವರನ್ನು ಹುಡುಕಿದರು.

"ಹೊಳಬಸಪ್ಪಾ, ಸಣ್ಣ ಹುಡುಗೂರು. ರೂಢಿ ಬಿಡೂಣು, ಹಂಗ ಹಾದು ಹೋಗಲಿ ಬಿಡು."

ದೊಡ್ಡ ಮನಸ್ಸಿನಿಂದಲೇ ಆಡಿದ ಮಾತು. ಹೊಳಬಸಪ್ಪನವರು ಉತ್ತರಿಸುವ ಮೊದಲೇ ಭಾಗ್ಯಾ ಹೇಳಿದಳು: "ಬ್ಯಾಡ್ರಿ ಅಜ್ಜಾರ. ನಿಂದರ್ತೇವಿ."

ಎರಡೂ ಮೇಳ ಎದುರುಬದುರು ನಿಂತವು. ಮಕ್ಕಳು ತಮ್ಮ ನಡಿಗೆಯ ಲಯ ಹಿಡಿದರು. ಹಣಮಪ್ಪನವರ ಮೇಳ ಅದಕ್ಕಿಂತ ಸ್ವಲ್ಪವೇ ಚುರುಕಾದ ಲಯ ಹಿಡಿಯಿತು. ಎಳೆಯುವುದಕ್ಕೆಂದೇ ಹಾಗೆ ಬಾರಿಸುವುದು. ತೀರ ಬೇರೆಯಾದ ಲಯ ಯಾರನ್ನೂ ಎಳೆಯುವುದಿಲ್ಲ, ಹತ್ತಿರದ್ದೇ ಎಳೆಯುವುದು. ದೊಡ್ಡವರ ಕರಡಿಗಳ ಗುಡುಗಿಗೆ ಪಕ್ಕದ ಅಂಗಡಿಯ ತಗಡು ಅದುರುತ್ತಿತ್ತು. ಎಷ್ಟೋ ಹೊತ್ತು ಹಾಗೆಯೇ ನಡೆಯಿತು. ಒಮ್ಮೆ ಶಶಿಕಾಂತನ ತಾಳ ಅಲುಗಿತು. ಅವನ ಕಣ್ಣು ಎದುರಿನ ಮೇಳದ ತಾಳದ ಮೇಲೆ ಬಿದ್ದಿತ್ತು. ನನ್ನ ಪಕ್ಕದಲ್ಲಿದ್ದ ಹೊಳಬಸಪ್ಪನವರ ಬಲಗೈ ತಾನಾಗಿಯೇ ಮೇಲೆದ್ದಿತು, ಒಂದು ಹೆಜ್ಜೆ ಮುಂದಿಟ್ಟೇಬಿಟ್ಟರು. ಸಾತವ್ವ ಅವರ ಮಣಿಕಟ್ಟು ಹಿಡಿದುಕೊಂಡರು.

"ಸುಮ್ನ ನಿಂದರ್ರಿ. ಅವ್ರು ಬಾರಸ್ತಾರ."

ಭಾಗ್ಯಾ ಬಾರಿಸುತ್ತಲೇ ಹಿಂದಕ್ಕೆ ತಿರುಗಿದಳು. ಎದುರಿನ ಮೇಳಕ್ಕೆ ಬೆನ್ನು ಮಾಡಿ, ಶಶಿಕಾಂತನ ಮುಂದೆ ನಿಂತು ಬರಿಗಾಲನ್ನು ನೆಲಕ್ಕೆ ಊರಿದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅವನು ಅವಳ ಕಾಲು ನೋಡಿದ. ತಾಳ ಜಾಗಕ್ಕೆ ಬಂತು. ಆರೂ ಮಕ್ಕಳ ಪಾದ ಒಟ್ಟಿಗೆ ಬೀಳತೊಡಗಿದವು. ಆಗ ಭಾಗ್ಯಾ ಜಿಗಿದಳು. ಗಾಳಿಯಲ್ಲೇ ತಿರುಗಿ ಹಣಮಪ್ಪನವರ ಎದುರಿಗೆ ಮುಖ ಮಾಡಿ ಇಳಿದಳು. ಇಳಿದದ್ದು ಕೇಳಿಸಲಿಲ್ಲ, ಕರಡಿಯ ಪೆಟ್ಟು ಮಾತ್ರ ಕೇಳಿಸಿತು.

"ಭಲೇ ನನ ಮಗಳ!" ಎಂದು ಕಿರುಚಿದವರು ಮಹಾಲಿಂಗ.

ಮುಧೋಳದವರ ಸಾಲಿನಲ್ಲಿ ಒಬ್ಬ ಹರೆಯದವನ ತಾಳ ಮಕ್ಕಳ ಲಯಕ್ಕೆ ಜಾರಿತು. ಹಣಮಪ್ಪನವರಿಗೆ ತಕ್ಷಣ ತಿಳಿಯಿತು. ಜನರಲ್ಲಿ ಅರ್ಧದಷ್ಟು ಮಂದಿಗೆ ಗೊತ್ತಾಗಿರಲಿಲ್ಲ, ಬಾರಿಸುತ್ತ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಕೋಲು ಮೇಲೆತ್ತಿ ತಮ್ಮ ಮೇಳವನ್ನು ನಿಲ್ಲಿಸಿದರು, ಎಲ್ಲರನ್ನೂ ಬೀದಿಯ ಪಕ್ಕಕ್ಕೆ ಸರಿಸಿದರು. ಮಕ್ಕಳು ಅದೇ ನಡಿಗೆಯಲ್ಲಿ ಮುಂದೆ ಹೋದರು. ಯಾರೂ ನಗಲಿಲ್ಲ, ಯಾರೂ ಹಿಂದೆ ನೋಡಲಿಲ್ಲ. ಅದನ್ನೂ ಅವರಿಗೆ ಹೇಳಿಕೊಟ್ಟಿದ್ದರಂತೆ.

ಹಣಮಪ್ಪನವರು ಹೊಳಬಸಪ್ಪನವರ ಹತ್ತಿರ ಬಂದರು. "ಇದು ನೀ ಕಲಿಸಿದ್ದಲ್ಲೋ. ಇವ್ರಿಗೆ ಬ್ಯಾರೇ ಯಾರೋ ಗುರು ಸಿಕ್ಕಾರ."

"ಹೌದ್ರಿ ಅಣ್ಣಾರ," ಎಂದರು ಹೊಳಬಸಪ್ಪನವರು. "ಕರೆಂಟ್ ಆಫೀಸಿನವ್ರು."

ಆಮೇಲೆ ಅವರು ಗುಡಿಯವರೆಗೂ ಮೇಳದ ಹಿಂದೆ, ಎಲ್ಲರಿಗಿಂತ ಕೊನೆಗೆ, ಮಕ್ಕಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು. ಎದೆ ಎತ್ತಿ ನಡೆಯುವ ಮನುಷ್ಯ ಅಂದು ಇನ್ನೂ ಒಂದು ಗೇಣು ಎತ್ತರ ಕಂಡರು. ಸಾತವ್ವ ನನ್ನ ಕಿವಿಯಲ್ಲಿ, "ಈ ಮೀಸಿಗೆ ಇನ್ನ ಕಪ್ಪು ಸಾಲಂಗಿಲ್ರಿ ಅಕ್ಕೋರ," ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು.

ನಂದಕಿಶೋರ ಸರ್ ಮುಂದಿನ ವರ್ಷದಿಂದ ಕರಡಿಗೆ ಶಾಲೆಯ ವೇಳಾಪಟ್ಟಿಯಲ್ಲೇ ಜಾಗ ಕೊಟ್ಟರು. ಗಣಿತದ ಸರ್ ರಾಜೀನಾಮೆ ಕೊಡಲಿಲ್ಲ, ಅವರ ಮಗನೇ ತಾಳಕ್ಕೆ ಸೇರಿದ. ಭಾಗ್ಯಾ ಜಮಖಂಡಿಯಲ್ಲಿ ಬಿ.ಎ. ಓದುವಾಗ ಕಾಲೇಜಿನ ಹುಡುಗಿಯರದೇ ಒಂದು ಮೇಳ ಕಟ್ಟಿದಳು. ನನಗೆ ೨೦೧೧ರಲ್ಲಿ ಬೀಳಗಿ ತಾಲೂಕಿಗೆ ವರ್ಗವಾಯಿತು. ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿ ಬಂದವರ ಪುನರ್ವಸತಿ ಕೇಂದ್ರದ ಶಾಲೆ ಅದು. ಅಲ್ಲಿಗೂ ಹೊಳಬಸಪ್ಪನವರನ್ನು ಕರೆದೆ. ಮೊದಲ ದಿನ ಬಸ್ಸಿನಿಂದ ಇಳಿದವರೇ ಆ ಅಗಲವಾದ, ಖಾಲಿ ರಸ್ತೆಗಳನ್ನು ನೋಡಿ, "ನಡಿಯಾಕ ಭಾಳ ಛಲೋ ಜಾಗಾ ಐತ್ರಿ," ಎಂದರು.

ಈಗ ಹೊಳಬಸಪ್ಪನವರಿಗೆ ಐವತ್ತೈದು ದಾಟಿದೆ. ಒಂದು ಮಗ್ಗ ಮಾರಿದ್ದಾರೆ, ಇನ್ನೊಂದನ್ನು ನಡೆಸುತ್ತಾರೆ. ವಾರದಲ್ಲಿ ಮೂರು ದಿನ ಬನಹಟ್ಟಿ, ಮುಧೋಳ ಮತ್ತು ಬೀಳಗಿ ಕಡೆಯ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕರಡಿ ಕಲಿಸುತ್ತಾರೆ.